ವಿಶ್ವವಿದ್ಯಾಲಯದ ಪೇಟೆಂಟ್ ಸಮಿತಿ ಮುಂದೆ ನಮ್ಮ ಉಪಕರಣ ಇಡಬೇಕು. ಹೇಗೆ ತಯಾರಾಗಲಿ?

ಅಟ್ಟದಕಾಯಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿ. ಇನ್ನು ಮೂರು ವಾರಕ್ಕೆ ನಮ್ಮ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ಸಮಿತಿ ಮುಂದೆ ಹದಿನೈದು ನಿಮಿಷ ಮಾತಾಡಬೇಕು. ನಾವು ಮಾಡಿರುವ ಉಪಕರಣಕ್ಕೆ ವಿಶ್ವವಿದ್ಯಾಲಯ ಪೇಟೆಂಟ್ ಹಾಕಬೇಕಾ, ಹಾಕಿದರೆ ಯಾರಾದರೂ ಅದನ್ನು ಮಾಡಿ ಮಾರುತ್ತಾರಾ ಎಂದು ಅವರು ತೀರ್ಮಾನಿಸುತ್ತಾರೆ. ಪೇಪರ್ ಓದಿ ಅಭ್ಯಾಸವಿದೆ. ಇಂಥ ಸಮಿತಿ ಮುಂದೆ ನಿಂತಿಲ್ಲ.

ನಮ್ಮ ಕೆಲಸ ಉಂಡೆ ಕೊಬ್ಬರಿಯದು. ತಿಪಟೂರು, ಅರಸೀಕೆರೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. 8ರಿಂದ 12 ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗುತ್ತದೆ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗುತ್ತದೆ. ಆಗ ಕುಲುಕಿದರೆ ಗಡಗಡ ಅನ್ನುತ್ತದೆ. ಅವಸರಪಟ್ಟು ಒಡೆದರೆ ಹಸಿ ಇರುತ್ತದೆ. ಕೆಲವು ಒಳಗೇ ಕೆಟ್ಟು ಕೌಟು ಆಗಿರುತ್ತವೆ, ಒಡೆಯುವವರೆಗೂ ಗೊತ್ತಾಗುವುದಿಲ್ಲ. ಸಿಪ್ಪೆ ಸಮೇತ ಇರುವ ಕಾಯಿಯನ್ನು ತಟ್ಟಿ, ಸದ್ದು ಅಳೆದು, ಒಳಗೆ ಏನಾಗಿದೆ ಎಂದು ಹೇಳುವ ಒಂದು ಪುಟ್ಟ ಪೆಟ್ಟಿಗೆ ನಾವು ಮಾಡಿದ್ದೇವೆ.

[ಇಲ್ಲಿದ್ದ ಪ್ಯಾರಾವನ್ನು ಬರೆದವರ ಕೋರಿಕೆಯಂತೆ ತೆಗೆಯಲಾಗಿದೆ. ಮಾಡರೇಟರ್]

ಸ್ಲೈಡ್‌ಗಳಲ್ಲಿ ಏನಿರಬೇಕು? ಸಮಿತಿಯವರು ಏನು ಕೇಳುತ್ತಾರೆ? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಡ್ರಾಫ್ಟಿಂಗ್ ಡೆಸ್ಕ್

ಮೇಡಂ, ಉಳಿದದ್ದು ಆಮೇಲೆ. ಮೊದಲು ಆ ಮೂರನೇ ಪ್ಯಾರಾ ತೆಗೆಸಿ. ಈಗಲೇ. ನಾನು ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟ್. ಅರ್ಜಿ ಹಾಕುವ ಮೊದಲು ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದರೆ ಅದು ಪ್ರಕಟಣೆಯೇ. ಹತ್ತು ಜನ ಓದಿದರಾ, ಒಬ್ಬರೂ ಓದಲಿಲ್ಲವಾ ಎಂಬುದು ಮುಖ್ಯವಲ್ಲ. ಓದಲು ಸಿಗುತ್ತಿತ್ತು ಎಂದರೆ ಸಾಕು.

ಅಟ್ಟದಕಾಯಿ

ಮಾಡರೇಟರ್‌ಗೆ ಹೇಳಿ ತೆಗೆಸಿದೆ. ಸುಮಾರು ಇಪ್ಪತ್ತು ನಿಮಿಷ ಇಲ್ಲಿತ್ತು. ಕೈ ನಡುಗುತ್ತಿದೆ. ಎಲ್ಲ ಹೋಯಿತಾ?

ಡ್ರಾಫ್ಟಿಂಗ್ ಡೆಸ್ಕ್

ನಾನು ಓದಿದ್ದೆ. ಅದರಲ್ಲಿ ಫಲಿತಾಂಶ ಏನು ಬಂತು ಎಂದಿತ್ತು. ಹೇಗೆ ಅಳೆಯುತ್ತೀರಿ, ಸಿಪ್ಪೆ ಸದ್ದನ್ನು ನುಂಗುವುದನ್ನು ಹೇಗೆ ತಪ್ಪಿಸಿದಿರಿ ಎಂಬುದು ಇರಲಿಲ್ಲ. ಅದೇ ನಿಮ್ಮ ಜೀವಾಳ ಅನ್ನಿಸುತ್ತದೆ, ಅದು ಒಳಗೇ ಇದೆ. ಆದರೂ ತೆಗೆದ ಪ್ಯಾರಾವನ್ನು ದಿನಾಂಕ, ಹೊತ್ತು ಸಮೇತ ಬರೆದಿಟ್ಟುಕೊಳ್ಳಿ. ಸಮಿತಿಗೆ ನೀವೇ ಹೇಳಿ. ಮುಚ್ಚಿಟ್ಟದ್ದು ಐದು ವರ್ಷದ ನಂತರ ಎದುರಾಳಿಯ ಕೈಗೆ ಸಿಕ್ಕರೆ ಬಹಳ ಕಷ್ಟ.

ಇಷ್ಟೇ ಅಲ್ಲ. ಇದುವರೆಗೆ ಎಲ್ಲೆಲ್ಲಿ ತೋರಿಸಿದ್ದೀರಿ ಎಂದು ಕೂತು ಪಟ್ಟಿ ಮಾಡಿ. ಪೋಸ್ಟರ್, ಟೆಕ್ ಫೆಸ್ಟ್, ಕೃಷಿ ಮೇಳ, ಯೂಟ್ಯೂಬ್ ವಿಡಿಯೊ, ವಿದ್ಯಾರ್ಥಿಯ ಪ್ರಾಜೆಕ್ಟ್ ರಿಪೋರ್ಟ್, ಪತ್ರಿಕೆಯ ಸುದ್ದಿ, ಯಾವುದನ್ನೂ ಬಿಡಬೇಡಿ. ಪ್ರಕಟವಾಗಿ 12 ತಿಂಗಳೊಳಗೆ ಹಾಕಿದರೆ ನಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನಮ್ಮ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ನಿನ ಆ ರಿಯಾಯಿತಿ ಎಲ್ಲದಕ್ಕೂ ಸಿಗುವುದಿಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಸಭೆಯಲ್ಲಿ ಓದಿದ ಪ್ರಬಂಧ, ಇಂಥವಕ್ಕೆ ಮಾತ್ರ. ಕಾಲೇಜಿನ ಫೆಸ್ಟ್ ಅದರೊಳಗೆ ಬರುವುದಿಲ್ಲ. ಅಮೆರಿಕದಲ್ಲಿ ಒಂದು ವರ್ಷದ ಬಿಡುವು ಇದೆ. ಯುರೋಪಿನಲ್ಲಿ ಹಾಗಿಲ್ಲ, ಅಲ್ಲಿ ಮೊದಲೇ ಹೊರಬಿದ್ದರೆ ಸಾಮಾನ್ಯವಾಗಿ ಮುಗಿಯಿತು.

ಲ್ಯಾಬ್‌ಬೆಂಚು

ಅಕ್ಕಾ, ನಾನು ಪಿಎಚ್‌ಡಿ ವಿದ್ಯಾರ್ಥಿ. ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾ ಮರೆಯಬೇಡಿ. ಥೀಸಿಸ್ ಅಲ್ಲಿಗೆ ಹೋದರೆ ಲೋಕಕ್ಕೆಲ್ಲ ಕಾಣುತ್ತದೆ. ನನ್ನ ಸೀನಿಯರ್ ಒಬ್ಬರದ್ದು ಹಾಗೇ ಆಯಿತು. ವೈವಾ ಮುಗಿಸಿ, ಸಿಹಿ ಹಂಚಿ, ಆಮೇಲೆ ಪೇಟೆಂಟ್ ವಿಚಾರ ಎತ್ತಿದರು. ಅಷ್ಟರಲ್ಲಿ ಥೀಸಿಸ್ ಅಪ್‌ಲೋಡ್ ಆಗಿ ತಿಂಗಳುಗಳಾಗಿದ್ದವು. ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ. ನಾಲ್ಕು ವರ್ಷದ ಕೆಲಸ ಅದು.

ಕೆರೆಕೋಡಿ

ನಾನು ನಿವೃತ್ತ ಪ್ರಾಧ್ಯಾಪಕ. ಇಂಥದ್ದೇ ಒಂದು ಸಮಿತಿಯಲ್ಲಿ ಆರು ವರ್ಷ ಕೂತಿದ್ದೆ. ಮೇಜಿನ ಆಚೆ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನಮ್ಮ, ಸ್ವಲ್ಪ ಉದ್ದವಾಗುತ್ತದೆ.

ಅಲ್ಲಿ ಕೂತವರಲ್ಲಿ ನಿಮ್ಮ ವಿಷಯ ಗೊತ್ತಿದ್ದವರು ಒಬ್ಬರೋ ಇಬ್ಬರೋ. ಉಳಿದವರು ಕುಲಸಚಿವರು, ಹಣಕಾಸು ಅಧಿಕಾರಿ, ಬೇರೆ ವಿಭಾಗದ ಡೀನ್, ಹೊರಗಿನ ಒಬ್ಬ ಉದ್ಯಮಿ, ಒಬ್ಬ ವಕೀಲರು. ನಮ್ಮಲ್ಲೊಬ್ಬರು ನಲವತ್ತು ಸ್ಲೈಡ್ ತಂದಿದ್ದರು. ಹನ್ನೆರಡನೇ ನಿಮಿಷದವರೆಗೂ ಸಮೀಕರಣಗಳೇ. ಕೆಲಸ ನಿಜಕ್ಕೂ ಒಳ್ಳೆಯದಿತ್ತು. ಕೊನೆಗೆ ಹಣಕಾಸು ಅಧಿಕಾರಿ ಒಂದೇ ಪ್ರಶ್ನೆ ಕೇಳಿದರು: ‘ಇದನ್ನು ಯಾರು ಕೊಳ್ಳುತ್ತಾರೆ ಸರ್?’ ಉತ್ತರ ಇರಲಿಲ್ಲ. ಕಡತ ಮುಂದಿನ ಸಭೆಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ. ಅವರ ಮುಖ ಈಗಲೂ ಕಣ್ಣ ಮುಂದಿದೆ.

ಹಾಗಾಗಿ ಮೊದಲ ಎರಡು ನಿಮಿಷದಲ್ಲಿ ಕಷ್ಟ ಏನು ಎಂದು ಹೇಳಿ. ಯಾರ ಕಷ್ಟ? ಅದರಿಂದ ಎಷ್ಟು ನಷ್ಟ? ಈಗ ಅದನ್ನು ಹೇಗೆ ನಿಭಾಯಿಸುತ್ತಿದ್ದಾರೆ? ಆಮೇಲೆ ನಿಮ್ಮದರಲ್ಲಿ ಹೊಸದೇನು ಎಂದು ಒಂದೇ ವಾಕ್ಯದಲ್ಲಿ ಹೇಳಿ. ಆ ವಾಕ್ಯ ಬರೆಯುವುದೇ ಮೂರು ವಾರದ ಕೆಲಸ. ‘ನಾವು ಸದ್ದಿನಿಂದ ಕಾಯಿ ಪರೀಕ್ಷಿಸುತ್ತೇವೆ’ ಅಂದರೆ ವಕೀಲರು ಅಲ್ಲೇ ನಿಲ್ಲಿಸುತ್ತಾರೆ. ಕಲ್ಲಂಗಡಿ ತಟ್ಟಿ ಸದ್ದು ಅಳೆದ ಪೇಪರ್‌ಗಳು ದಶಕಗಳಿಂದ ಇವೆ. ನಿಮ್ಮ ಕಡೆಯ ರೈತರು ಯಾವ ಕಾಲದಿಂದಲೋ ಕುಲುಕಿ ನೋಡುತ್ತಿದ್ದಾರೆ. ಅದನ್ನೆಲ್ಲ ನೀವೇ ಮೊದಲು ಒಪ್ಪಿಕೊಂಡು, ‘ಇಷ್ಟು ಗೊತ್ತಿತ್ತು, ಇಲ್ಲಿ ಸಿಕ್ಕಿಹಾಕಿಕೊಂಡಿತ್ತು, ನಾವು ಅದನ್ನು ಹೀಗೆ ಬಿಡಿಸಿದೆವು’ ಎಂದು ಹೇಳಿ. ಹಾಗೆ ಹೇಳಿದವರನ್ನು ಸಮಿತಿ ನಂಬುತ್ತದೆ.

ಇನ್ನೊಂದು ಮಾತು. ಹೊರಗಿನ ಸದಸ್ಯರು ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದಾರಾ ಎಂದು ಮೊದಲೇ ವಿಚಾರಿಸಿ. ಕೇಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು.

ತಿಪಟೂರ್‌ತೋಟ

ಮೇಡಂ ನಮಸ್ಕಾರ. ನಮ್ಮದು ತೆಂಗಿನ ತೋಟ, ಅಟ್ಟದ ಮೇಲೆ ಈಗಲೂ ಕಾಯಿ ಇದೆ. ನಿಮ್ಮ ಪೋಸ್ಟ್ ಓದಿ ಖುಷಿಯಾಯಿತು. ನಮ್ಮ ಕಾಯಿ ಬಗ್ಗೆ ಯಾರೋ ಇಷ್ಟು ಯೋಚನೆ ಮಾಡಿದ್ದಾರಲ್ಲ ಎಂದು.

ಆದರೆ ಒಂದು ವಿಷಯ ನೇರವಾಗಿ ಹೇಳುತ್ತೇನೆ. ರೈತ ಇದನ್ನು ಕೊಳ್ಳುವುದಿಲ್ಲ. ನಮ್ಮ ತಾತ ಅಟ್ಟ ಹತ್ತಿದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಕುಲುಕುತ್ತಿದ್ದರು. ಉಂಡೆ ಬಿಟ್ಟಿದ್ದರೆ ಸದ್ದು ಒಣಗಿದ ಕಟ್ಟಿಗೆ ಥರ ಬರುತ್ತದೆ. ನೀರಿದ್ದರೆ ಕುಳುಕ್ ಅನ್ನುತ್ತದೆ. ಅದು ನನಗೂ ಗೊತ್ತಾಗುತ್ತದೆ. ಅದಕ್ಕೆ ಪೆಟ್ಟಿಗೆ ಬೇಡ. ನಮ್ಮ ತಾತನಿಗೂ ಗೊತ್ತಾಗದೆ ಇದ್ದದ್ದು ಕೌಟು. ಕೆಲವು ಕಾಯಿ ಸದ್ದು ಚೆನ್ನಾಗೇ ಬರುತ್ತದೆ, ಒಡೆದರೆ ಒಳಗೆ ಕಪ್ಪು. ನಿಮ್ಮ ಪೆಟ್ಟಿಗೆ ಅದನ್ನು ಹಿಡಿದರೆ ಮಾತ್ರ ಕೆಲಸ.

ಇನ್ನು ಕೊಳ್ಳುವವರು. ಅಟ್ಟದ ಕಾಯಿಯನ್ನು ಲಾಟ್ ಲೆಕ್ಕದಲ್ಲಿ ಮಾತಾಡಿ ತೆಗೆದುಕೊಳ್ಳುವ ವ್ಯಾಪಾರಿಗಳಿದ್ದಾರೆ. ಎಷ್ಟು ಕೌಟು ಬರಬಹುದು ಎಂದು ಅಂದಾಜು ಹಾಕಿ ಬೆಲೆ ಇಳಿಸುತ್ತಾರೆ. ಅಲ್ಲಿ ರೈತನೂ ಕುರುಡು, ವ್ಯಾಪಾರಿಯೂ ಕುರುಡು. ಐವತ್ತು ಕಾಯಿ ತೆಗೆದು ತಟ್ಟಿ ‘ಇಷ್ಟು ಕೆಟ್ಟಿದೆ’ ಎಂದು ಹೇಳುವ ಯಂತ್ರ ಸೊಸೈಟಿಯಲ್ಲಿ ಒಂದಿದ್ದರೆ ಜನ ಬಾಡಿಗೆಗೆ ಕರೆಯುತ್ತಾರೆ.

ಅಟ್ಟದಕಾಯಿ

ಅಣ್ಣ, ನಿಮ್ಮ ಮಾತನ್ನು ಮೂರು ಸಲ ಓದಿದೆ. ನಾನು ಸ್ಲೈಡ್‌ನಲ್ಲಿ ‘ಬಳಕೆದಾರ: ರೈತ’ ಎಂದು ಬರೆದಿದ್ದೆ. ಒಣಗಿದ್ದನ್ನು ಗುರುತಿಸುವುದನ್ನೇ ಮುಂದೆ ಇಟ್ಟಿದ್ದೆ, ಕೌಟು ಗುರುತಿಸುವುದು ಕೊನೆಯ ಸಾಲಿನಲ್ಲಿತ್ತು. ಈಗ ತಲೆಕೆಳಗು ಮಾಡುತ್ತೇನೆ.

ಡ್ರಾಫ್ಟಿಂಗ್ ಡೆಸ್ಕ್

ತಿಪಟೂರಿನವರು ಹೇಳಿದ್ದು ಪೇಟೆಂಟ್ ದೃಷ್ಟಿಯಿಂದಲೂ ದೊಡ್ಡ ಮಾತು. ಕಿವಿಗೆ ಗೊತ್ತಾಗುವುದನ್ನೇ ಯಂತ್ರ ಹೇಳಿದರೆ, ‘ಈ ಕ್ಷೇತ್ರ ಗೊತ್ತಿದ್ದ ಯಾರಾದರೂ ಮಾಡಬಹುದಿತ್ತಲ್ಲ’ ಎಂದು ಪರೀಕ್ಷಕರು ಬರೆಯುತ್ತಾರೆ. ಜೊತೆಗೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಪಿ) ಇದೆ. ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ. ಕಿವಿಗೆ ಗೊತ್ತಾಗದ್ದನ್ನು ಹೇಳಿದರೆ ಮಾತೇ ಬೇರೆ.

3(ಕೆ) ಕೂಡ ನೋಡಿಕೊಳ್ಳಿ. ಬರೀ ಅಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಂ ಇಲ್ಲಿ ಪೇಟೆಂಟ್ ಆಗುವುದಿಲ್ಲ. ‘ನಮ್ಮ ಎಐ ಮಾಡೆಲ್ ಇಷ್ಟು ನಿಖರ’ ಎಂದು ಸ್ಲೈಡ್ ತುಂಬಾ ಹಾಕಿದರೆ ಸಮಿತಿ ಚಪ್ಪಾಳೆ ತಟ್ಟಬಹುದು, ಚೆನ್ನೈನ ಪೇಟೆಂಟ್ ಕಚೇರಿ ತಟ್ಟುವುದಿಲ್ಲ. ಕರ್ನಾಟಕದ ಅರ್ಜಿಗಳು ಹೋಗುವುದು ಅಲ್ಲಿಗೇ. ಕಾಯಿಯನ್ನು ಹಿಡಿಯುವ ಭಾಗ, ತಟ್ಟುವ ಭಾಗ, ಸೆನ್ಸರ್ ಎಲ್ಲಿದೆ, ಯಾಕೆ ಅಲ್ಲೇ ಇದೆ, ಇವನ್ನೆಲ್ಲ ಚಿತ್ರ ಸಮೇತ ತೋರಿಸಿ.

ಇಂಥದ್ದು ಮೊದಲೇ ಇದೆಯಾ ಎಂದು ಹುಡುಕಾಟ ಮಾಡಿದ್ದೀರಾ? ಭಾರತದ ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನ ಎಸ್ಪಾಸ್‌ನೆಟ್, ವೈಪೋದ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್, ಎಲ್ಲವೂ ಉಚಿತ. ಪದ ಹಾಕಿ ಹುಡುಕಿದರೆ ಅರ್ಧ ಸಿಗುವುದಿಲ್ಲ. ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸಿದ ವರ್ಗದ ಸಂಖ್ಯೆ ಹಾಕಿ. ಸದ್ದಿನಿಂದ ವಸ್ತು ಪರೀಕ್ಷಿಸುವುದು ಜಿ01ಎನ್ 29. ಆಹಾರ ಪದಾರ್ಥದ ಪರೀಕ್ಷೆ ಜಿ01ಎನ್ 33/02. ತೀರಾ ಹತ್ತಿರದ ಮೂರು ದಾಖಲೆ ಆರಿಸಿ, ನಿಮ್ಮದರ ಪಕ್ಕ ಇಟ್ಟು ಒಂದು ಕೋಷ್ಟಕ ಮಾಡಿ. ಸಮಿತಿಗೆ ಅದಕ್ಕಿಂತ ಒಳ್ಳೆಯ ಸ್ಲೈಡ್ ಇಲ್ಲ.

ಮುಕ್ತವಿನ್ಯಾಸ

ಒಂದು ಬೇರೆ ಮಾತು ಹೇಳಬೇಕು, ಯಾರೂ ತಪ್ಪು ತಿಳಿಯಬೇಡಿ. ಸರ್ಕಾರಿ ಸಂಬಳ, ಸರ್ಕಾರಿ ಲ್ಯಾಬು, ರೈತರ ಅಟ್ಟದ ಜ್ಞಾನ. ಇದಕ್ಕೆ ಪೇಟೆಂಟ್ ಯಾಕೆ? ವಿನ್ಯಾಸ ಬಿಡುಗಡೆ ಮಾಡಿ. ಯಾವ ವೆಲ್ಡಿಂಗ್ ಶಾಪಿನವನಾದರೂ ಮಾಡಿಕೊಡಲಿ. ಅರಿಶಿನದ ಕಥೆ ನೆನಪಿಲ್ವಾ? ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ತೆಗೆದುಕೊಂಡದ್ದು ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವೇ. ನಮ್ಮ ಸಿಎಸ್‌ಐಆರ್ (ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ) ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಆಗ ಅವರನ್ನು ಬೈದ ನಾವೇ ಈಗ ಕೊಬ್ಬರಿ ಸದ್ದಿಗೆ ಬೇಲಿ ಹಾಕುವುದಾ?

ಕೆರೆಕೋಡಿ

ಒಳ್ಳೆಯ ಪ್ರಶ್ನೆ. ನಾನೂ ಸಮಿತಿಯಲ್ಲಿ ಇದನ್ನು ಎತ್ತಿದ್ದೇನೆ. ಅರಿಶಿನದ್ದು ಬಿದ್ದದ್ದು ಅದರಲ್ಲಿ ಹೊಸದೇನೂ ಇಲ್ಲದಿದ್ದಕ್ಕೆ. ಹಳೆಯ ಗ್ರಂಥಗಳಲ್ಲೇ ಅದು ಇತ್ತು. ಇಲ್ಲಿ ಕುಲುಕಿ ನೋಡುವುದಕ್ಕೆ ಯಾರೂ ಬೇಲಿ ಹಾಕುತ್ತಿಲ್ಲ, ಹಾಕಲೂ ಆಗುವುದಿಲ್ಲ.

ಬಿಡುಗಡೆ ಮಾಡುವುದು ತಪ್ಪಲ್ಲ. ಆದರೆ ನಾನು ಕಂಡಂತೆ ಬಿಟ್ಟುಕೊಟ್ಟ ಎಷ್ಟೋ ವಿನ್ಯಾಸಗಳು ರಿಪೋರ್ಟಿನಲ್ಲೇ ಉಳಿದವು. ಅಚ್ಚು ಮಾಡಿಸಲು, ಪರೀಕ್ಷೆಗೆ, ರಿಪೇರಿ ಜಾಲಕ್ಕೆ ಯಾರಾದರೂ ದುಡ್ಡು ಹಾಕಬೇಕು. ನಾಳೆ ಪಕ್ಕದವನು ನಕಲು ಮಾಡುತ್ತಾನೆ ಎಂದರೆ ಮೊದಲು ದುಡ್ಡು ಹಾಕುವವರು ಯಾರು? ಪೇಟೆಂಟ್ ಇದ್ದರೂ ಒಬ್ಬರಿಗೇ ಬರೆದುಕೊಡಬೇಕೆಂದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ (ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ತನ್ನ ತಂತ್ರಜ್ಞಾನಗಳನ್ನು ದಶಕಗಳಿಂದ ಸಣ್ಣ ಉದ್ದಿಮೆಗಳಿಗೆ ಕೊಡುತ್ತಾ ಬಂದಿದೆ. ಹತ್ತು ಸಣ್ಣ ವರ್ಕ್‌ಶಾಪ್‌ಗಳಿಗೆ ಕಡಿಮೆ ಶುಲ್ಕಕ್ಕೆ ಕೊಡಿ, ಗುಣಮಟ್ಟದ ಷರತ್ತು ಹಾಕಿ. ಆ ಆಯ್ಕೆಯನ್ನೂ ಸಮಿತಿ ಮುಂದೆ ಇಡಿ.

ಬೇಏರಿಯಾ ಕನ್ನಡಿಗ

ನಾನು ಕ್ಯಾಲಿಫೋರ್ನಿಯಾದಲ್ಲಿ ತಂತ್ರಜ್ಞಾನ ವರ್ಗಾವಣೆಯ ಕೆಲಸದಲ್ಲಿದ್ದೇನೆ. ಕೆರೆಕೋಡಿ ಸರ್ ಹೇಳಿದ್ದಕ್ಕೆ ಇಲ್ಲೊಂದು ದೊಡ್ಡ ಉದಾಹರಣೆ ಇದೆ. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೊಹೆನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಹರ್ಬರ್ಟ್ ಬಾಯರ್ ಜೀನ್ ಜೋಡಿಸುವ ವಿಧಾನವನ್ನು 1973ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಪೇಟೆಂಟ್ ಯೋಚನೆ ಅವರಿಗಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಲೈಸೆನ್ಸಿಂಗ್ ಕಚೇರಿಯ ನೀಲ್ಸ್ ರೈಮರ್ಸ್ 1974ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಓದಿ ಬೆನ್ನು ಹತ್ತಿದರು. 1974ರ ನವೆಂಬರ್ 4ರಂದು ಅರ್ಜಿ ಹಾಕಿದರು. ಇನ್ನೊಂದು ವಾರ ತಡವಾಗಿದ್ದರೆ ಅಮೆರಿಕದ ಒಂದು ವರ್ಷದ ಗಡುವೂ ಮುಗಿಯುತ್ತಿತ್ತು. ಪೇಪರ್ ಮೊದಲೇ ಬಂದಿದ್ದರಿಂದ ಬೇರೆ ದೇಶಗಳಲ್ಲಿ ಹಕ್ಕು ಸಿಗಲಿಲ್ಲ. ಆಮೇಲೆ ಒಬ್ಬರಿಗೇ ಕೊಡದೆ, ಕೇಳಿದವರಿಗೆಲ್ಲ ಲೈಸೆನ್ಸ್ ಕೊಟ್ಟರು. 468 ಕಂಪನಿಗಳು ತೆಗೆದುಕೊಂಡವು. ಸುಮಾರು 255 ಮಿಲಿಯನ್ ಡಾಲರ್ ಬಂತು.

ನಿಮ್ಮದಕ್ಕೆ ಅಷ್ಟು ಬರುತ್ತದೆ ಎಂದು ಹೇಳುತ್ತಿಲ್ಲ. ಗಡುವು ಮತ್ತು ಎಲ್ಲರಿಗೂ ಲೈಸೆನ್ಸ್, ಈ ಎರಡಕ್ಕಾಗಿ ಹೇಳಿದೆ.

ಲ್ಯಾಬ್‌ಬೆಂಚು

ಸರ್, ಹಕ್ಕು ಯಾರದ್ದು? ವಿದ್ಯಾರ್ಥಿಯ ಹೆಸರು ಬರುತ್ತದಾ? ನಮ್ಮಲ್ಲಿ ಎಚ್‌ಒಡಿ ಹೆಸರು ಸುಮ್ನೆ ಸೇರಿಸುತ್ತಾರೆ.

ಡ್ರಾಫ್ಟಿಂಗ್ ಡೆಸ್ಕ್

ಸಂಶೋಧಕ ಬೇರೆ, ಒಡೆಯ ಬೇರೆ. ಕಲ್ಪನೆಗೆ ನಿಜವಾಗಿ ಕೈಹಾಕಿದವರು ಸಂಶೋಧಕರು. ವಿದ್ಯಾರ್ಥಿಯಾದರೂ ಸರಿ, ಲ್ಯಾಬ್ ಅಸಿಸ್ಟೆಂಟ್ ಆದರೂ ಸರಿ. ಹೇಳಿದ್ದನ್ನಷ್ಟೇ ಮಾಡಿಕೊಟ್ಟವರು, ದುಡ್ಡು ಮಂಜೂರು ಮಾಡಿದವರು ಸಂಶೋಧಕರಲ್ಲ. ಗೌರವಕ್ಕೆ ಹೆಸರು ಸೇರಿಸುವುದು ಪೇಪರ್‌ನಲ್ಲಿ ನಡೆದಂತೆ ಇಲ್ಲಿ ನಡೆಯಬಾರದು. ಮುಂದೆ ವ್ಯಾಜ್ಯವಾದರೆ ಅದೇ ಬಿರುಕಾಗುತ್ತದೆ. ಲ್ಯಾಬ್ ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ ಬರೆಯಿರಿ, ಪಕ್ಕದವರ ಸಹಿ ಹಾಕಿಸಿ.

ಒಡೆತನಕ್ಕೆ ಅಮೆರಿಕದಲ್ಲಿ 1980ರ ಬೇ ಡೋಲ್ ಕಾಯ್ದೆ ಇದೆ. ಸರ್ಕಾರದ ದುಡ್ಡಿನಲ್ಲಿ ಆದ ಸಂಶೋಧನೆಯನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು. ನಮ್ಮಲ್ಲೂ 2008ರಲ್ಲಿ ಅಂಥ ಒಂದು ಮಸೂದೆ ರಾಜ್ಯಸಭೆಗೆ ಬಂತು, ಕಾಯ್ದೆ ಆಗಲಿಲ್ಲ. ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಐಪಿ ನೀತಿ ಮತ್ತು ಅನುದಾನದ ಪತ್ರದಲ್ಲಿ ಏನಿದೆ ಎಂಬುದೇ ಆಧಾರ. ಎರಡನ್ನೂ ಓದಿಕೊಂಡೇ ಹೋಗಿ. ಮೇಡಂ, ನಿಮಗೆ ಅನುದಾನ ಎಲ್ಲಿಂದ ಬಂತು ಎಂದು ಅವರು ಕೇಳಿಯೇ ಕೇಳುತ್ತಾರೆ.

ರಾಗಿಮುದ್ದೆ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದು ರಾಗಿಯ ಹೊಸ ತಳಿ. ನಾವೂ ಇದೇ ದಾರಿಯಾ?

ಡ್ರಾಫ್ಟಿಂಗ್ ಡೆಸ್ಕ್

ಅಲ್ಲ. ಗಿಡ, ಬೀಜ, ತಳಿಗೆ ಇಲ್ಲಿ ಪೇಟೆಂಟ್ ಇಲ್ಲ, 3(ಜೆ) ತಡೆಯುತ್ತದೆ. ನಿಮಗೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ರಕ್ಷಣೆ ಕಾಯ್ದೆ. ರಾಗಿಗೆ 15 ವರ್ಷ ರಕ್ಷಣೆ. ಬೇರೆ ಚರ್ಚೆ ತೆಗೆಯಿರಿ, ಅಲ್ಲಿ ಬರೆಯುತ್ತೇನೆ.

ಅಟ್ಟದಕಾಯಿ

ಎರಡು ವಿಷಯ. ಒಂದು, ದುಡ್ಡು. ಸಮಿತಿ ‘ಎಷ್ಟು ಖರ್ಚು?’ ಅಂದರೆ ಏನು ಹೇಳಲಿ? ಎರಡು, ನಮಗೆ ಮೊದಲು ಸದ್ದಿನ ವ್ಯತ್ಯಾಸ ಹೇಳಿಕೊಟ್ಟವರು ಹಳ್ಳಿಯ ಒಬ್ಬ ಅಜ್ಜ. ಅವರ ಅಟ್ಟದಲ್ಲೇ ಎರಡು ತಿಂಗಳು ಪರೀಕ್ಷೆ ಮಾಡಿದೆವು. ಮನೆಯವರು, ಅಕ್ಕಪಕ್ಕದವರು ನೋಡುತ್ತಿದ್ದರು. ಇದೂ ಪ್ರಕಟಣೆ ಆಯಿತಾ? ಅವರ ಹೆಸರು ಎಲ್ಲಿ ಬರಬೇಕು? ಇದು ನನ್ನನ್ನು ತುಂಬಾ ಕೊರೆಯುತ್ತಿದೆ.

ಡ್ರಾಫ್ಟಿಂಗ್ ಡೆಸ್ಕ್

ದುಡ್ಡಿನದ್ದು ಸುಲಭ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಸರ್ಕಾರಿ ಶುಲ್ಕದಲ್ಲಿ ಶೇ 80 ರಿಯಾಯಿತಿ ಇದೆ. ಆನ್‌ಲೈನ್ ಅರ್ಜಿಗೆ 1,600 ರೂಪಾಯಿ. ದೊಡ್ಡ ಕಂಪನಿಯಾದರೆ 8,000. ಅರ್ಜಿಯನ್ನು ಪೇಟೆಂಟ್ ಕಚೇರಿ ಪರೀಕ್ಷಿಸಲಿ ಎಂಬ ಕೋರಿಕೆಗೆ 4,000. ಏಜೆಂಟರ ಶುಲ್ಕ ಬೇರೆ, ಅದೇ ಜಾಸ್ತಿ. ಮೊದಲು ಪ್ರೊವಿಷನಲ್ (ತಾತ್ಕಾಲಿಕ ಅರ್ಜಿ) ಹಾಕಿ ತಾರೀಖು ಹಿಡಿಯಿರಿ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ. ಪರೀಕ್ಷೆ ಕೋರಲು ಮೊದಲು 48 ತಿಂಗಳಿತ್ತು. 2024ರ ಮಾರ್ಚ್‌ನಲ್ಲಿ ಬಂದ ನಿಯಮದಿಂದ ಹೊಸ ಅರ್ಜಿಗಳಿಗೆ 31 ತಿಂಗಳಾಗಿದೆ. ಹಳೆಯ ಲೆಕ್ಕದಲ್ಲಿ ಕೂರಬೇಡಿ. ವಿದೇಶದ ಹಕ್ಕು ಬೇಕಾದರೆ ಪಿಸಿಟಿ (ಹಲವು ದೇಶಗಳಿಗೆ ಒಟ್ಟಿಗೆ ಹಾಕುವ ಅಂತಾರಾಷ್ಟ್ರೀಯ) ಅರ್ಜಿಗೂ ಮೊದಲ ತಾರೀಖಿನಿಂದ 12 ತಿಂಗಳು. ಅಲ್ಲಿಂದ ಮುಂದೆ ದೇಶಕ್ಕೊಂದು ಖರ್ಚು. ಉಂಡೆ ಕೊಬ್ಬರಿ ಉಪಕರಣಕ್ಕೆ ಯಾವ ದೇಶದಲ್ಲಿ ಮಾರುಕಟ್ಟೆ ಇದೆ ಎಂದು ಹೇಳಲಾಗದಿದ್ದರೆ ಸಮಿತಿಯಿಂದ ಅದನ್ನು ಕೇಳಬೇಡಿ.

ಅಟ್ಟದ ಪರೀಕ್ಷೆಗೆ 32ನೇ ಸೆಕ್ಷನ್ ಇದೆ. ಉಪಕರಣದ ಸ್ವಭಾವದಿಂದಾಗಿ ಹೊರಗೇ ಪರೀಕ್ಷೆ ಮಾಡಬೇಕಿದ್ದರೆ, ಅದು ಬರೀ ಪರೀಕ್ಷೆಗೆ ಮಾತ್ರ ಆಗಿದ್ದರೆ, ಒಂದು ವರ್ಷದೊಳಗೆ ಅರ್ಜಿ ಹಾಕಿದರೆ, ಅದರಿಂದ ಹೊಸತನ ಹೋಗುವುದಿಲ್ಲ. ಯಾವ ದಿನ ಶುರು ಮಾಡಿದಿರಿ ಎಂದು ಬರೆದಿಟ್ಟುಕೊಳ್ಳಿ, ಆ ದಿನದಿಂದ ಗಡಿಯಾರ ಓಡುತ್ತಿದೆ.

ಅಜ್ಜನ ವಿಷಯ. ಎಲ್ಲರಿಗೂ ಗೊತ್ತಿದ್ದ ವಿದ್ಯೆಯನ್ನು ಹೇಳಿಕೊಟ್ಟರೆ ಕಾಯ್ದೆ ಪ್ರಕಾರ ಸಂಶೋಧಕರಾಗುವುದಿಲ್ಲ. ಉಪಕರಣದ ಆ ಮುಖ್ಯ ಉಪಾಯವನ್ನು ಅವರೇ ಕೊಟ್ಟಿದ್ದರೆ ಆಗುತ್ತಾರೆ. ಯಾವುದು ನಿಜ ಎಂದು ನಿಮಗೆ ಮಾತ್ರ ಗೊತ್ತು.

ಕೆರೆಕೋಡಿ

ಕಾಯ್ದೆ ಅಲ್ಲಿಗೆ ನಿಲ್ಲುತ್ತದೆ, ನೀವು ನಿಲ್ಲಬೇಕಿಲ್ಲ. ಕೇರಳದಲ್ಲಿ ಕಾಣಿ ಬುಡಕಟ್ಟಿನವರು ತೋರಿಸಿಕೊಟ್ಟ ಆರೋಗ್ಯಪಚ್ಚ ಗಿಡದಿಂದ ‘ಜೀವನಿ’ ಎಂಬ ಔಷಧ ಬಂತು. ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಅದನ್ನು 1995ರಲ್ಲಿ ಕೊಯಮತ್ತೂರಿನ ಔಷಧ ತಯಾರಕರಿಗೆ ಕೊಟ್ಟಾಗ 10 ಲಕ್ಷ ಶುಲ್ಕ ಮತ್ತು ಮಾರಾಟದಲ್ಲಿ ಶೇ 2 ರಾಯಧನ ನಿಗದಿಯಾಯಿತು. ಅದರಲ್ಲಿ ಅರ್ಧ ಕಾಣಿಗಳಿಗೆ. ಆಮೇಲೆ ತೊಡಕುಗಳೂ ಬಂದವು. ಆದರೂ ಒಂದು ಸಂಸ್ಥೆ ಹಾಗೆ ಬರೆದುಕೊಟ್ಟಿತಲ್ಲ, ಅದು ನನಗೆ ದೊಡ್ಡದು. ರಾಯಧನ ಬಂದರೆ ಇಂತಿಷ್ಟು ಭಾಗ ಆ ಊರಿನ ಸೊಸೈಟಿಗೆ ಎಂದು ಪ್ರಸ್ತಾವದಲ್ಲೇ ಬರೆಯಿರಿ. ಸಮಿತಿ ಒಪ್ಪಬಹುದು, ಬಿಡಬಹುದು. ನೀವು ಬರೆಯದಿದ್ದರೆ ಯಾರೂ ಬರೆಯುವುದಿಲ್ಲ.

ಇನ್ನೊಂದು ನೋವಿನ ಮಾತು. ಈಚೆಗೆ ಎಷ್ಟೋ ಕಾಲೇಜುಗಳಲ್ಲಿ ಅಂಕಕ್ಕೆ, ರ‍್ಯಾಂಕಿಂಗಿಗೆ ಅರ್ಜಿ ಹಾಕುತ್ತಾರೆ. 18 ತಿಂಗಳಿಗೆ ಅರ್ಜಿ ಬರೀ ಪ್ರಕಟವಾದರೆ ‘ಪೇಟೆಂಟ್ ಬಂತು’ ಎಂದು ಬ್ಯಾನರ್ ಕಟ್ಟುತ್ತಾರೆ. ಪರೀಕ್ಷೆಯನ್ನೇ ಕೋರುವುದಿಲ್ಲ. ಸಮಿತಿಗಳಿಗೂ ಇದನ್ನು ನೋಡಿ ನೋಡಿ ನಂಬಿಕೆ ಕಡಿಮೆಯಾಗಿದೆ. ನಿಜವಾದ ಕೆಲಸ ತಂದವರು ಅದರ ಪೆಟ್ಟು ತಿನ್ನುತ್ತಾರೆ. ಹಾಗಾಗಿ ಪೂರ್ಣ ವಿವರಣೆ ಯಾವಾಗ, ಪರೀಕ್ಷೆಯ ಕೋರಿಕೆ ಯಾವಾಗ, ಯಾವ ಹಣದಿಂದ ಎಂದು ತಾರೀಖು ಹಾಕಿ ತೋರಿಸಿ.

ಹೊಸಕಂಪನಿ

ನಾವು ಲ್ಯಾಬಿನಿಂದ ಹೊರಬಂದು ಕಂಪನಿ ಮಾಡಿದವರು. ಒಂದೇ ಮಾತು: ಉಪಕರಣ ಯಾವ ಹಂತದಲ್ಲಿದೆ ಎಂದು ಉಬ್ಬಿಸಬೇಡಿ. ಟಿಆರ್‌ಎಲ್ (ತಂತ್ರಜ್ಞಾನ ಎಷ್ಟು ಸಿದ್ಧವಾಗಿದೆ ಎಂಬ ಅಳತೆ) 1ರಿಂದ 9ರವರೆಗೆ ಇದೆ. ಒಂದು ಅಟ್ಟದಲ್ಲಿ ಓಡಿದ ಪ್ರೋಟೊಟೈಪ್ 9 ಅಲ್ಲ. ‘ಇಲ್ಲಿದ್ದೇವೆ, ಮುಂದಿನ ಹಂತಕ್ಕೆ ಇದು ಬೇಕು’ ಅನ್ನಿ. ಅನುದಾನಗಳಿವೆ. ರಾಜ್ಯದ ಎಲಿವೇಟ್ ಯೋಜನೆ ಇದೆ, ಸ್ಟಾರ್ಟಪ್ ಮಾಡಿದರೆ ಕೇಳಬಹುದು. ಪೇಟೆಂಟ್ ಮಾಹಿತಿಗೆ ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿಯನ್ನು ಕೇಳಿ ನೋಡಿ.

ಮಾರುಕಟ್ಟೆ ಸ್ಲೈಡ್‌ಗೆ ‘ದೇಶದ ತೆಂಗು ಉದ್ಯಮ ಇಷ್ಟು ಸಾವಿರ ಕೋಟಿ’ ಎಂದು ಬರೆಯಬೇಡಿ. ಯಾರೂ ನಂಬಲ್ಲ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,000 ರೂಪಾಯಿ ಇತ್ತು. ಅಲ್ಲಿಂದ ಶುರು ಮಾಡಿ. ಒಂದು ಲಾಟ್‌ನಲ್ಲಿ ಕೌಟು ಅಂದಾಜು ತಪ್ಪಿದರೆ ಎಷ್ಟು ಹೋಗುತ್ತದೆ ಎಂದು ತಿಪಟೂರಿನ ಅಣ್ಣನನ್ನೇ ಕೇಳಿ ಲೆಕ್ಕ ಹಾಕಿ.

ಅಟ್ಟದಕಾಯಿ (ಮೂರು ವಾರದ ನಂತರ)

ನಿನ್ನೆ ಮುಗಿಯಿತು. ಎಲ್ಲವನ್ನೂ ಬರೆಯುತ್ತೇನೆ, ನಿಮಗೆಲ್ಲ ಅಷ್ಟು ಋಣವಿದೆ.

ಒಂಬತ್ತು ಸ್ಲೈಡ್ ಮಾಡಿದ್ದೆ. ಲ್ಯಾಪ್‌ಟಾಪ್ ತೆರೆಯುವ ಮೊದಲು ಚೀಲದಿಂದ ಸಿಪ್ಪೆ ಸಮೇತ ಮೂರು ಕಾಯಿ ತೆಗೆದು ಮೇಜಿನ ಮೇಲಿಟ್ಟೆ. ‘ಇವುಗಳಲ್ಲಿ ಒಂದು ಕೌಟು. ಯಾವುದು ಹೇಳಿ’ ಅಂದೆ. ಹಣಕಾಸು ಅಧಿಕಾರಿ ಮೊದಲು ಕುಲುಕಿದರು. ಆಮೇಲೆ ಡೀನ್. ಒಬ್ಬರು ಕಣ್ಣು ಮುಚ್ಚಿ ಕಿವಿಗೆ ಹಿಡಿದರು. ಮೂರೂ ಒಂದೇ ಥರ ಗಡಗಡ ಅಂದವು. ಅವರವರಲ್ಲೇ ವಾದ ಶುರುವಾಯಿತು. ಪೆಟ್ಟಿಗೆಗೆ ಇಟ್ಟು ತೋರಿಸಿದೆ. ಎರಡನೆಯದಕ್ಕೆ ಕೆಂಪು ದೀಪ ಬಂತು. ಅಟೆಂಡರ್ ಅಣ್ಣ ಮಚ್ಚು ತಂದು ಮೆಟ್ಟಿಲ ಮೇಲೆ ಒಡೆದರು. ಒಳಗೆ ಅಂಚು ಪೂರ್ತಿ ಕಪ್ಪಾಗಿತ್ತು, ವಾಸನೆ ಬಾಗಿಲವರೆಗೂ ಬಂತು. ಉಳಿದೆರಡು ಬೆಳ್ಳಗಿದ್ದವು. ಅವನ್ನು ಅಲ್ಲೇ ಹಂಚಿ ತಿಂದರು.

ಅದರಿಂದಲೇ ಎಲ್ಲ ಆಗಲಿಲ್ಲ. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ‘ಮೂರು ಕಾಯಿಯಿಂದ ಏನೂ ಗೊತ್ತಾಗುವುದಿಲ್ಲ, ಒಂದೇ ಅಟ್ಟದ ದತ್ತಾಂಶವೂ ಸಾಲದು’ ಅಂದರು. ಸರಿಯಾದ ಮಾತು. ವಕೀಲರು ಹತ್ತಿರದ ದಾಖಲೆಗಳ ಕೋಷ್ಟಕವನ್ನು ಬಹಳ ಹೊತ್ತು ನೋಡಿ ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಉತ್ತರವಿತ್ತು. ಇಲ್ಲಿ ಇಪ್ಪತ್ತು ನಿಮಿಷ ಇದ್ದ ಪ್ಯಾರಾವನ್ನು ನಾನೇ ಓದಿ ಹೇಳಿದೆ. ಗಂಟಲು ಒಣಗಿತ್ತು. ಅವರು ಬರೆದುಕೊಂಡು, ಒಳ ವಿಧಾನ ಅದರಲ್ಲಿಲ್ಲ ಎಂದು ದಾಖಲಿಸಿದರು.

ತೀರ್ಮಾನ ಹೀಗಿದೆ. ಪ್ರೊವಿಷನಲ್ ಹಾಕಲು ಒಪ್ಪಿಗೆ. ವಿದೇಶದ್ದು ಈಗ ಬೇಡ. ನಾನು, ನನ್ನ ಎಂಟೆಕ್ ವಿದ್ಯಾರ್ಥಿನಿ, ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್, ಮೂವರ ಹೆಸರೂ ಸಂಶೋಧಕರಾಗಿ ಹೋಗುತ್ತದೆ. ಕಾಯಿ ಹಿಡಿಯುವ ಭಾಗ ಇನ್‌ಸ್ಟ್ರಕ್ಟರ್ ಅವರದ್ದೇ ಕಲ್ಪನೆ. ಅವರ ಹೆಸರು ಬೇಕಾ ಎಂದು ಒಬ್ಬರು ಕೇಳಿದಾಗ ನೋಟ್‌ಬುಕ್‌ನ ಪುಟ ತೋರಿಸಿದೆ. ಸೊಸೈಟಿಗೆ ರಾಯಧನದ ಪಾಲು ಎಂಬ ಅಂಶವನ್ನು ಕಾನೂನು ಅಭಿಪ್ರಾಯಕ್ಕೆ ಕಳಿಸಿದ್ದಾರೆ. ತೆಗೆದುಹಾಕಿಲ್ಲ. ವಾಣಿಜ್ಯದ ಭಾಗವನ್ನು ವಾಪಸ್ ಕೊಟ್ಟಿದ್ದಾರೆ: ಆರು ತಿಂಗಳಲ್ಲಿ ಕನಿಷ್ಠ ಐದು ಅಟ್ಟಗಳ ದತ್ತಾಂಶ, ಮತ್ತು ಬಾಡಿಗೆಗೆ ತೆಗೆದುಕೊಳ್ಳುತ್ತೇವೆ ಎನ್ನುವ ಒಂದು ಸೊಸೈಟಿಯ ಪತ್ರ.

ಅಜ್ಜನಿಗೆ ಫೋನ್ ಮಾಡಿದೆ. ‘ಕೆಂಪು ದೀಪ ಬಂದದ್ದು ಯಾವ ಮೂಲೆಯ ಕಾಯಿ?’ ಎಂದು ಕೇಳಿದರು. ಹೊಗೆ ತಾಗದ ಮೂಲೆಯದು ಅಂದೆ. ‘ಹಂಗಾದ್ರೆ ಸರಿ’ ಅಂದರು.

ಡ್ರಾಫ್ಟಿಂಗ್ ಡೆಸ್ಕ್

ತುಂಬಾ ಸಂತೋಷವಾಯಿತು ಮೇಡಂ. ಒಂದು ಎಚ್ಚರಿಕೆ. ಇನ್ನು ಈ 12 ತಿಂಗಳಲ್ಲಿ ಉಪಕರಣ ಬದಲಾದರೆ ಪ್ರತಿ ಬದಲಾವಣೆಯನ್ನೂ ತಾರೀಖು ಹಾಕಿ ಬರೆಯಿರಿ. ಪ್ರೊವಿಷನಲ್‌ನಲ್ಲಿ ಇಲ್ಲದ ವಿಷಯಕ್ಕೆ ಆ ಮೊದಲ ತಾರೀಖು ಸಿಗುವುದಿಲ್ಲ. ಅರ್ಜಿ ಸಂಖ್ಯೆ ಬರುವವರೆಗೂ ಇಲ್ಲಿ ಒಳ ವಿಷಯ ಬರೆಯಬೇಡಿ. ಬಂದ ಮೇಲೂ ನನ್ನನ್ನು ಕೇಳಿ ಬರೆಯಿರಿ.

ಮುಕ್ತವಿನ್ಯಾಸ

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಸಣ್ಣ ವರ್ಕ್‌ಶಾಪ್‌ಗಳಿಗೂ ಲೈಸೆನ್ಸ್ ಎಂಬ ಮಾತು ಪ್ರಸ್ತಾವದಲ್ಲಿ ಉಳಿದರೆ ನಾನು ಬಂದು ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕೆಲಸ ಮಾಡಿಕೊಡುತ್ತೇನೆ.

ಅಟ್ಟದಕಾಯಿ

ಉಳಿದಿದೆ. ಬನ್ನಿ. ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ.

ಇವತ್ತು ಮಧ್ಯಾಹ್ನ ಅರ್ಜಿ ಸಂಖ್ಯೆ ಬಂತು. ತಿಪಟೂರಿನ ಅಣ್ಣ, ಐದರಲ್ಲಿ ಎರಡನೇ ಅಟ್ಟ ನಿಮ್ಮದಾಗಬಹುದಾ? ಭಾನುವಾರ ಬರಲಾ?

ತಿಪಟೂರ್‌ತೋಟ

ಬನ್ನಿ ಮೇಡಂ, ಇದೇನು ಕೇಳುವ ಮಾತಾ. ಬೆಳಗ್ಗೆ ಎಂಟರೊಳಗೆ ಬಂದರೆ ಅಟ್ಟದಲ್ಲಿ ಸೆಕೆ ಇರುವುದಿಲ್ಲ. ಏಣಿಯ ಮೂರನೇ ಮೆಟ್ಟಿಲು ಸಡಿಲ ಇದೆ, ನೋಡಿಕೊಂಡು ಹತ್ತಿ. ಊಟ ಇಲ್ಲೇ.